ಬನಿಯನ್ ತೆಗೀಬ್ಯಾಡ್ರಿ

"ಬನಿಯನ್ ತೆಗೀಬ್ಯಾಡ್ರಿ!"

ಸುಮನ ಅಂಗಳಕ್ಕೆ ನುಗ್ಗಿ ಬಂದವಳೇ ಮೈದುನನ ಕೈಯಲ್ಲಿದ್ದ ಕತ್ತರಿಯನ್ನು ಹಿಡಿದುಕೊಂಡಳು. ಹಲಗೆಯ ಮೇಲೆ ಮಲಗಿಸಿದ್ದ ಗಂಡನ ಹೆಣದ ಸುತ್ತ ನಿಂತಿದ್ದ ಗಂಡಸರು ಒಂದು ಹೆಜ್ಜೆ ಹಿಂದೆ ಸರಿದರು. ಬಿಸಿನೀರಿನ ಕೊಡ ಎತ್ತಿದವನು ಎತ್ತಿದಂತೆಯೇ ನಿಂತ.

"ವೈನಿ, ಮೈಮ್ಯಾಗಿನ ಬಟ್ಟಿ ತೆಗೀಲಾರದೆ ಜಳಕ ಹ್ಯಾಂಗ ಮಾಡಸೋದ್ರಿ?" ಎಂದ ಮಾಣಿಕ. ರಾತ್ರಿಯೆಲ್ಲ ಅಣ್ಣನ ತಲೆಯ ಬಳಿ ಕುಳಿತು ಅವನ ಕಣ್ಣುಗಳು ಕೆಂಪಾಗಿದ್ದವು.

"ಹಂಗೇ ನೀರ ಹಾಕ್ರಿ. ಅವರಿಗಿ ಮಂದಿ ಮುಂದ ಮೈ ಬಿಚ್ಚೋದು ಸೇರತಿದ್ದಿಲ್ಲ."

ಅದು ಸುಳ್ಳೇನೂ ಆಗಿರಲಿಲ್ಲ. ಕೈಲಾಶ ಬರಿಮೈಯಲ್ಲಿದ್ದುದನ್ನು ಡಾಬಕಾ ಊರಿನಲ್ಲಿ ಈ ನಾಲ್ಕು ವರ್ಷ ಯಾರೂ ಕಂಡಿರಲಿಲ್ಲ. ಬೇಸಿಗೆಯಲ್ಲಿ ಊರ ಗಂಡಸರೆಲ್ಲ ಬರಿಮೈಯಲ್ಲಿ ಕಟ್ಟೆಯ ಮೇಲೆ ಒರಗಿದ್ದಾಗಲೂ ಅವನು ತೋಳಿನ ಬನಿಯನ್ ತೊಟ್ಟೇ ಕೂತಿರುತ್ತಿದ್ದ. ಸುಮನಳ ಮಾತು ಕೇಳಿ ಇಬ್ಬರು ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆದರೆ ಮಗಳ ಅತ್ತೆ ಹೀರಾಬಾಯಿ, ನಸುಕಿಗೇ ಭಾಲ್ಕಿಯಿಂದ ಬಂದವಳು, ಪಕ್ಕದವಳ ಕಿವಿಯಲ್ಲಿ, "ಸತ್ತ ಮ್ಯಾಲೂ ಏನ ಮುಚ್ಚಿಡ್ತಾರೋ ಏನೋ" ಎಂದಳು. ಸುಮನಳಿಗೆ ಕೇಳಿಸಿತು. ಕೇಳಿಸದವಳಂತೆ ನಿಂತಳು. ಅದು ಅವಳಿಗೆ ರೂಢಿಯಾಗಿ ಹೋಗಿತ್ತು.

ನೀರು ಬಿದ್ದಿತು. ಒದ್ದೆ ಬಟ್ಟೆ ಮೈಗೆ ಅಂಟಿದಾಗ ಎಡಗಡೆ ಕೊರಳ ಎಲುಬಿನ ಕೆಳಗೆ ಒಂದು ಉಬ್ಬು ಎದ್ದು ಕಂಡಿತು. ಸುಮನ ಕೈಗೆ ಸಿಕ್ಕ ಬಿಳಿ ಬಟ್ಟೆಯನ್ನು ಅದರ ಮೇಲೆ ಹೊದಿಸಿಬಿಟ್ಟಳು.

ಅಷ್ಟರಲ್ಲಿ ಒಳಗೆ ಅವಳ ಫೋನು ರಿಂಗಣಿಸಿತು. ಬೀದರಿನಿಂದ ಮಹಮ್ಮದ ಇಸ್ಮಾಯಿಲ. ಕೈಲಾಶನ ಜೊತೆ ವರ್ಷಗಟ್ಟಲೆ ಪೈಪಲೈನಿನಲ್ಲಿ ದುಡಿದವನು.

"ಭಾಭಿ, ಖಬರ ಈಗ ಗೊತ್ತಾತ್ರಿ. ಬೀದರ ಬಸ್ ಸ್ಟ್ಯಾಂಡಿನಾಗ ಇದೀನಿ, ಔರಾದ ಬಸ್ಸಿಗಿ ನಿಂತೀನಿ." ಅವನ ದನಿ ತಗ್ಗಿತು. "ಒಂದ ಮಾತ್ರಿ. ಎದಿಯಾಗಿನ ಮಶೀನ ತೆಗಸೀರೇನ್ರಿ?"

ಸುಮನ ಒಳಗಿನ ಬಾಗಿಲು ಮುಂದೆ ಮಾಡಿದಳು.

"ಹಂಗೇ ಬೆಂಕಿ ಕೊಟ್ಟೀರಿ ಮತ್ತ! ಅದರಾಗ ಬ್ಯಾಟರಿ ಇರ್ತದ, ಕಾದು ಸಿಡೀತದ್ರಿ. ಸನೇದಾಗ ನಿಂತವರಿಗಿ ಬಡೀತದ. ದವಾಖಾನಿಗಿ ಒಯ್ದರ ತೆಗದು ಕೊಡ್ತಾರ. ಮನಿ ಮಂದಿಗೆಲ್ಲಾ ಗೊತ್ತದಲ್ರಿ?"

"ಗೊತ್ತದ" ಎಂದಳು ಸುಮನ, ಮತ್ತು ಫೋನು ಇಟ್ಟಳು.

*

ಮದುವೆಯಾದ ಹೊಸತರಲ್ಲಿ ಕೈಲಾಶ ಅವಳನ್ನು ಒಮ್ಮೆ ತನ್ನ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿದ್ದ. ಸೊಲ್ಲಾಪುರದಾಚೆಯ ಬಟಾಬಯಲು. ನೆಲ ಅಗೆದು ತೆರೆದ ಗುಂಡಿಯಲ್ಲಿ ಎಣ್ಣೆ ಸಾಗಿಸುವ ಉಕ್ಕಿನ ಪೈಪು ದೊಡ್ಡ ಹೆಬ್ಬಾವಿನಂತೆ ಮಲಗಿತ್ತು.

"ಮೊದಲ ಇದರೊಳಗ ಒಂದು ಗಾಡಿ ಬಿಡ್ತಾರ" ಎಂದು ಅವನು ಹೇಳಿದ್ದ. "ಅದರ ಸುತ್ತಾ ಮ್ಯಾಗ್ನೆಟ್ ಇರ್ತಾವ. ಎಣ್ಣಿ ಜೋಡಿ ಹರಕೋತ ಹೋಗ್ತದ. ಪೈಪ ಎಲ್ಲಿ ಸವದದ, ಎಲ್ಲಿ ತುಕ್ಕ ತಿಂದದ, ಅಲ್ಲಿ ಮ್ಯಾಗ್ನೆಟ್ಟಿನ ಸೆಳತ ಹೊರಗ ಸೋರತದ. ಗಾಡಿಗಿ ಅದು ತಿಳೀತದ. ಆ ಜಾಗಾ ಅಗದು, ಖರೇ ಏನಾಗ್ಯದ ಅಂತ ನೋಡೋದು ನಮ್ಮ ಕೆಲಸ."

ಬೆಸುಗೆಯ ಗುಂಟ ಅವನು ಬಿಳಿ ಬಣ್ಣ ಬಳಿದ. ಎರಡು ಕಾಲಿನ ಅಯಸ್ಕಾಂತವನ್ನು ಪೈಪಿನ ಮೇಲೆ ಊರಿ, ಕಬ್ಬಿಣದ ಹುಡಿ ಕಲೆಸಿದ ಕರಿ ನೀರನ್ನು ಚಿಮುಕಿಸಿದ. ನೀರು ಜಾರಿ ಹೋಯಿತು; ಹುಡಿ ಮಾತ್ರ ಒಂದು ಕಡೆ ಓಡಿ ಬಂದು ಗುಂಪುಗೂಡಿ ಕೂದಲೆಳೆಯಷ್ಟು ಗೆರೆಯಾಗಿ ನಿಂತಿತು. ಅಲ್ಲಿ ಬಿರುಕಿತ್ತು. ಅಷ್ಟು ಹೊತ್ತೂ ಅಲ್ಲೇ ಇದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನೀನೂ ಹಿಡಿ" ಎಂದು ಅವನು ಅಯಸ್ಕಾಂತವನ್ನು ಅವಳ ಕೈಗೆ ಕೊಟ್ಟ. ಬಟನ್ ಒತ್ತಿದೊಡನೆ ಅವಳ ಬಳೆಗಳಿಗೆ ಸಿಕ್ಕಿಸಿದ್ದ ಪಿನ್ನುಗಳೆಲ್ಲ ಎದ್ದು ನಿಂತು ಪಟಪಟನೆ ಹೋಗಿ ಅಂಟಿಕೊಂಡವು. ಅವಳು ಚೀರಿದಳು. ಗುಂಡಿಯ ಮೇಲೆ ನಿಂತಿದ್ದ ಇಸ್ಮಾಯಿಲ ಬಿದ್ದು ಬಿದ್ದು ನಕ್ಕ. ಕೈಲಾಶ ನಗುತ್ತ ಒಂದೊಂದೇ ಪಿನ್ನು ಬಿಡಿಸಿ ಅವಳ ಬಳೆಗೆ ತಿರುಗಿ ಸಿಕ್ಕಿಸಿದ್ದ.

ಅದೇ ಗುಂಡಿಗಳಲ್ಲಿ ಅವನ ಅರ್ಧ ಆಯುಷ್ಯ ಕಳೆಯಿತು. ಕಾಜಲ ಹುಟ್ಟಿದಳು, ಬೆಳೆದಳು, ಬೀದರಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದತೊಡಗಿದಳು. ಆಗ ಒಂದು ದಿನ ತೆಲಂಗಾಣದ ಸೈಟಿನಲ್ಲಿ ಕೈಲಾಶ ಪೈಪಿನ ಮೇಲೇ ಮುಗ್ಗರಿಸಿ ಬಿದ್ದ. ಬಿಸಿಲು ಬಡಿದಿದೆ ಎಂದುಕೊಂಡರು. ಇಸ್ಮಾಯಿಲ ಅವನನ್ನು ಹೊತ್ತು ಮೇಲೆ ತಂದು ಹೈದರಾಬಾದಿನ ಆಸ್ಪತ್ರೆಗೆ ಮುಟ್ಟಿಸಿದ. ಎದೆಯ ಬಡಿತ ನಡುನಡುವೆ ನಿಂತು ನಿಂತು ನಡೆಯುತ್ತಿತ್ತು. ಅದನ್ನು ನಡೆಸಲು ಡಾಕ್ಟರರು ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರ ಕೂರಿಸಿದರು. ಹೊಲ ಮಾಡಬಹುದು, ಓಡಾಡಬಹುದು, ಆದರೆ ಆ ದೊಡ್ಡ ಅಯಸ್ಕಾಂತಗಳ ಹತ್ತಿರ ಮತ್ತು ವೆಲ್ಡಿಂಗಿನ ಹತ್ತಿರ ಸುಳಿಯಕೂಡದು, ಯಂತ್ರ ಹಾದಿ ತಪ್ಪುತ್ತದೆ ಎಂದರು.

ಊರಿಗೆ ಬಂದ ದಿನ ಕೈಲಾಶ, "ಮಾಣಿಕಗ ಹೇಳ್ತೀನಿ" ಎಂದು ಎದ್ದಿದ್ದ. ಸುಮನ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಭಾಲ್ಕಿಯವರು ಕಾಜಲಗ ನೋಡಿ ಹೋಗ್ಯಾರ. ಅಪ್ಪನ ಎದಿಯಾಗ ಮಶೀನ ಅದ ಅಂದ್ರ ಬ್ಯಾನಿ ರಕ್ತದಾಗ ಅದ ಅಂತಾರ. ಪೋರಿಗಿ ಯಾರ ಮಾಡ್ಕೋತಾರ?"

"ಇದರಾಗ ನಾಚಿಕಿ ಏನದ ಸುಮನ? ಬಿರುಕ ಅದ ಅಂದ್ರ ಬಿಳಿ ಬಣ್ಣ ಬಳದು ತೋರಿಸಿದವ ನಾ. ಈಗ ನನಗೇ ಮುಚ್ಚು ಅಂತೀದಿ."

"ಮದಿವಿ ಆಗೋತನ. ಅಷ್ಟೇ."

ಅವನು ಒಪ್ಪಿದ. ಅವಳ ಮಾತಿಗೆ ಅವನು ಇಲ್ಲವೆಂದದ್ದು ಕಡಿಮೆ. ಊರವರಿಗೂ ಹಾಸ್ಟೆಲಿನಲ್ಲಿದ್ದ ಕಾಜಲಳಿಗೂ ಬಿಸಿಲು ಬಡಿದಿತ್ತು ಎಂದಷ್ಟೇ ಹೇಳಿದರು.

ಅದೇ ವರ್ಷ ಮಾಣಿಕ ಊರಿನ ಕುಡಿಯುವ ನೀರಿನ ಪೈಪಿನ ಬೆಸುಗೆ ಕೆಲಸ ಹಿಡಿದಿದ್ದ. ಅಣ್ಣ ಪಕ್ಕದಲ್ಲಿ ನಿಂತು ನೋಡಿಕೊಳ್ಳಲಿ ಎಂದು ಕರೆದ. ಕೈಲಾಶ ಬರುವುದಿಲ್ಲವೆಂದ, ಯಾಕೆಂದು ಹೇಳಲಿಲ್ಲ. ಮತ್ತೆ ಕರೆದ, ಮತ್ತೆ ಇಲ್ಲವೆಂದ. ಒಂದು ಮಧ್ಯಾಹ್ನ ಮಾಣಿಕ ಸಿಟ್ಟಿಗೆದ್ದು ಓಣಿಯ ಜನರೆದುರೇ ಕೂಗಿದ: "ಇಷ್ಟ ವರ್ಷ ಪೈಪ ಹಿಡದವ, ಈಗ ವೆಲ್ಡಿಂಗಿನ ಕಿಡಿ ಕಂಡ್ರ ಓಡ್ತಾನ! ಸೀರಿ ಉಟಗೊಂಡು ಒಳಗ ಕುಂದರು ಅಣ್ಣ. ವೈನಿ ಅಂಗನವಾಡಿಗಿ ಹೋಗಿ ದುಡಕೊಂಡು ಬರ್ತಾಳ, ಕುಂತ ತಿನ್ನು!"

ಸುಮನ ಹೊಸ್ತಿಲಲ್ಲಿ ಅಕ್ಕಿ ಕೇರುತ್ತಿದ್ದಳು. ಕೈಲಾಶ ತಿರುಗಿ ಒಮ್ಮೆ ಅವಳ ಮುಖ ನೋಡಿದ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

*

ಚಟ್ಟ ಕಟ್ಟುವ ಹೊತ್ತಿಗೆ ಸುಮನ ಮಾಣಿಕನ ಬಳಿ ಹೋಗಿ ಮೆಲ್ಲಗೆ, "ಹೂಳೋಣೇನು?" ಎಂದಳು.

"ಏನಂದ್ರಿ?"

"ಸುಡೋದು ಬ್ಯಾಡ. ನಮ್ಮ ಹೊಲದಾಗೇ ಮಣ್ಣ ಕೊಡೋಣ."

ಮಾಣಿಕ ಅವಳನ್ನೇ ದಿಟ್ಟಿಸಿದ. "ಅಪ್ಪಗ ಸುಟ್ಟೀವಿ, ಅವ್ವಗ ಸುಟ್ಟೀವಿ. ಕಟಗಿ ಆಗಲೇ ಹೋಗ್ಯಾವ. ಅಣ್ಣಗ ಮಾತ್ರ ಯಾಕ ಹೂಳಬೇಕು?"

ಊರ ಬುದ್ಧವಿಹಾರದ ಉಪಾಸಕ ಗೋರಖನಾಥ ಹತ್ತಿರ ಬಂದರು. ಬಿಳಿ ಅಂಗಿ, ಸಣ್ಣ ದನಿಯ ಹಿರಿಯ ಮನುಷ್ಯ. "ನಮ್ಮಾಗ ಎರಡೂ ನಡೀತದವ್ವ. ಹೂಳಿದ್ರೂ ತಪ್ಪಿಲ್ಲ. ಅವರೇನರೆ ಹಂಗ ಹೇಳಿದ್ರೇನು?"

ಹೌದೆನ್ನಬಹುದಿತ್ತು. ಸತ್ತವನ ಹೆಸರಿನಲ್ಲಿ ಇನ್ನೊಂದು ಸುಳ್ಳು. ಗೋಡೆಗೊರಗಿ ಕೂತಿದ್ದ ಕಾಜಲ ತಲೆ ಎತ್ತಿದಳು. ಬಂದಾಗಿನಿಂದ ಅವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ.

"ಬಿಡು ಅವ್ವಾ" ಎಂದಳು. "ಪಪ್ಪಾಂದು ಇದೊಂದರೆ ಎಲ್ಲಾರ ಹಂಗ ಆಗಲಿ."

ಚಟ್ಟ ಎದ್ದಿತು.

*

ಕಾಜಲಳ ಮದುವೆ ನಡೆದದ್ದು ಭಾಲ್ಕಿಯಲ್ಲಿ, ಸಾಮೂಹಿಕ ವಿವಾಹದಲ್ಲಿ. ಹರಸಲು ದೊಡ್ಡ ನಾಯಕರೊಬ್ಬರು ಬರುವವರಿದ್ದರು. ಅದಕ್ಕಾಗಿ ಮೈದಾನದ ಬಾಗಿಲಲ್ಲಿ ಲೋಹ ಕಂಡರೆ ಕಿರ್‌ಗುಟ್ಟುವ ಚೌಕಟ್ಟು ನಿಲ್ಲಿಸಿ, ಪೊಲೀಸರು ಕೈಯಲ್ಲೊಂದು ಕೋಲು ಹಿಡಿದು ಗಂಡಸರ ಮೈತುಂಬ ಆಡಿಸುತ್ತಿದ್ದರು.

ಮದುಮಗಳೂ ಹೆಂಗಸರೂ ಆಚೆ ಬದಿಯಿಂದ ಒಳಗೆ ಹೋಗಿ, ಚೌಕಟ್ಟಿನ ಬಳಿಯೇ ಗಂಡಸರಿಗಾಗಿ ಕಾದು ನಿಂತರು. ಕೈಲಾಶನ ಸರದಿ ಬಂದಾಗ ಕೋಲು ಅವನ ಎದೆಯ ಬಳಿ ಕಿರುಚಿತು.

"ಕಿಸೆದಾಗ ಏನದ?"

"ಏನಿಲ್ರಿ."

ಮತ್ತೆ ಕಿರುಚಿತು. ಹಿಂದೆ ಸಾಲು ಬೆಳೆಯಿತು. "ಅಂಗಿ ಬಿಚ್ಚು" ಎಂದ ಪೊಲೀಸಿನವನು. ಎದೆಯಲ್ಲಿ ಯಂತ್ರವಿದೆ ಎಂದು ಬರೆದ ಆಸ್ಪತ್ರೆಯ ಕಾರ್ಡು ಕೈಲಾಶನ ಕಿಸೆಯಲ್ಲೇ ಇತ್ತು. ಅದನ್ನು ತೆಗೆದು ತೋರಿಸಿದ್ದರೆ ಸಲಾಮು ಹೊಡೆದು ಒಳಗೆ ಬಿಡುತ್ತಿದ್ದರು. ಅವನ ಕೈ ಕಿಸೆಗೆ ಹೋಯಿತು ಕೂಡ. ಆದರೆ ಪಕ್ಕದಲ್ಲೇ ಗಂಡಿನ ಕಡೆಯವರು ನಿಂತಿದ್ದರು. ಹೀರಾಬಾಯಿ ಇದ್ದಳು. ಅವನು ಸಾಲಿನಾಚೆಯ ಸುಮನಳನ್ನು ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಬಹಳ ಅಲ್ಲ, ಗಲ್ಲ ಒಂದು ಎಳೆಯಷ್ಟು ಆಚೀಚೆ ಆಯಿತು.

ಕೈಲಾಶ ಕಿಸೆಯಿಂದ ಬರಿಗೈ ಹೊರತೆಗೆದು, ತಿರುಗಿ ರಸ್ತೆಗೆ ಹೋದ.

"ಬೀಗರು ಬಾಟಲಿ ತಂದಾರ ಕಾಣ್ತದ" ಎಂದು ಹೀರಾಬಾಯಿ ನಕ್ಕಳು. ಸುತ್ತ ಇದ್ದವರು ನಕ್ಕರು. ಸುಮನಳೂ ನಕ್ಕಳು. ಬೀಗಿತ್ತಿಯ ಎದುರು ಬಿಗಿದುಕೊಂಡು ನಿಂತರೆ ಏನು ತಿಳಿದಾರೋ ಎಂದು ನಕ್ಕಳು.

ಮಗಳನ್ನು ಒಪ್ಪಿಸಲು ಮಾಣಿಕ ನಿಂತ. ಊಟ ಮುಗಿದು ಹೊರಬಂದಾಗ ಕೈಲಾಶ ಚಪ್ಪಲಿ ಹೊಲಿಯುವವನ ಕೊಡೆಯ ನೆರಳಿನಲ್ಲಿ ಕೂತಿದ್ದ. ಮೈಕಿನಲ್ಲಿ ಎಲ್ಲಾ ಕೇಳಿಸಿತು, ಕಾಜಲಳ ಹೆಸರೂ ಕರೆದರು ಎಂದ. ಕಾಜಲ ಅವನ ಕಾಲಿಗೆ ಬೀಳಲಿಲ್ಲ. ಗಾಡಿಯಲ್ಲಿ ಕೂತು ಮುಖ ಆಚೆ ತಿರುಗಿಸಿದಳು.

ಮದುವೆ ಆಗುವ ತನಕ ಎಂದಿದ್ದಳು ಸುಮನ. ಮದುವೆ ಆಯಿತು. ಆದರೆ ಇನ್ನು ಹೇಳಬೇಕೆಂದರೆ ಎದೆಯ ಯಂತ್ರದ ಮಾತಷ್ಟೇ ಸಾಲುತ್ತಿರಲಿಲ್ಲ. ಆ ಬಾಗಿಲಲ್ಲಿ ತಾನು ತಲೆ ಅಲ್ಲಾಡಿಸಿದ್ದನ್ನೂ ನಕ್ಕಿದ್ದನ್ನೂ ಹೇಳಬೇಕಿತ್ತು. ದಿನ ಹೋದಂತೆ ಆ ಗುಟ್ಟು ಇನ್ನೂ ಗಟ್ಟಿಯಾಯಿತು. ಕೈಲಾಶ ಮತ್ತೆ ಕೇಳಲಿಲ್ಲ. ಕಾಜಲ ತವರಿಗೆ ಬಂದಾಗಲೆಲ್ಲ ಅವನು ಹೊಲದಲ್ಲಿ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದ.

*

ಸ್ಮಶಾನಕ್ಕೆ ಹೆಂಗಸರೂ ಬಂದಿದ್ದರು. ಗೋರಖನಾಥರು ತ್ರಿಸರಣ ಪಂಚಶೀಲ ಹೇಳಿಸಿದರು. ಎಲ್ಲರೂ ಕೈಮುಗಿದು ದನಿಗೂಡಿಸಿದರು. ಸುಮನಳ ತುಟಿ ಆಡುತ್ತಿತ್ತು, ಕಣ್ಣು ಔರಾದಿನ ರಸ್ತೆಯ ಮೇಲಿತ್ತು. ಇಸ್ಮಾಯಿಲ ಬಂದುಬಿಟ್ಟರೆ ಅವನೇ ಹೇಳಿಬಿಡುತ್ತಾನೆ ಎಂದು ಅವಳು ಬೆಳಗಿನಿಂದ ಕಾಯುತ್ತಿದ್ದಳು. ಬಸ್ಸು ಬರಲಿಲ್ಲ. ನಾಲ್ಕನೆಯ ಶೀಲ ಸುಳ್ಳಾಡದಿರುವುದರದು. ಅದನ್ನೂ ಅವಳು ಎಲ್ಲರೊಂದಿಗೆ ಹೇಳಿ ಮುಗಿಸಿದಳು.

ಮಾಣಿಕ ಕೊಳ್ಳಿ ಹಿಡಿದು ಬಂದ. ಓಣಿಯ ಸಣ್ಣ ಮಕ್ಕಳು ದೊಡ್ಡವರ ಕಾಲುಗಳ ನಡುವೆ ತೂರಿ ಚಿತೆಯ ತೀರ ಹತ್ತಿರಕ್ಕೆ ಬಂದು ನಿಂತಿದ್ದವು. ಅದರಲ್ಲಿ ಮೂವರು ಅವಳ ಅಂಗನವಾಡಿಯ ಮಕ್ಕಳೇ.

"ಮಾಣಿಕ, ನಿಂದರಪಾ."

ಅವನು ನಿಂತ. ಸುಮನ ಚಿತೆಯ ಬಳಿ ಹೋಗಿ ಅವನ ಖಾಲಿ ಕೈ ಹಿಡಿದು ಎಳೆದು, ಗಂಡನಿಗೆ ಬನಿಯನ್ನಿನ ಮೇಲೆ ತಾನೇ ತೊಡಿಸಿದ್ದ ಅಂಗಿಯ ಗುಂಡಿ ಬಿಚ್ಚಿ, ಆ ಕೈಯನ್ನು ಉಬ್ಬಿನ ಮೇಲೆ ಇಟ್ಟಳು.

"ಇದೇನ್ರಿ ವೈನಿ?" ಮಾಣಿಕ ಬೆಚ್ಚಿ ಕೈ ಎಳೆದುಕೊಂಡ.

"ಮಶೀನ. ನಾಕ ವರ್ಷ ಆತು ಹಾಕಿ. ಗುಂಡಿಗಿ ನಡಸೋ ಮಶೀನ. ಬೆಂಕಿಯಾಗ ಸಿಡೀತದಂತ."

ಜನ ಒಮ್ಮೆಲೇ ಹಿಂದೆ ಸರಿದರು. ತಾಯಂದಿರು ಮಕ್ಕಳನ್ನು ಎಳೆದುಕೊಂಡರು.

"ಅದಕ್ಕೇ... ವೆಲ್ಡಿಂಗಿಗಿ..." ಎಂದ ಮಾಣಿಕ.

"ಹೌದಪಾ. ಅದರ ಸನೇ ಹೋಗಬ್ಯಾಡ ಅಂದಿದ್ರು. ಯಾರಿಗೂ ಹೇಳಬ್ಯಾಡ್ರಿ ಅಂತ ನಾನೇ ಅಂದಿದ್ದೆ."

"ನಾ ಅವಂಗ ಸೀರಿ ಉಟಗೋ ಅಂದೆ. ನೀವು ಬಾಗಿಲದಾಗ ಇದ್ರಿ ವೈನಿ. ಕೇಳಿದ್ರಿ."

"ಕೇಳಿದೆ."

"ನಮಗ ಹೇಳಲಾರದೇ ಪೋರಿ ಕೊಟ್ಟೀರಿ?" ಎಂದು ಹೀರಾಬಾಯಿ ದನಿ ಎತ್ತಿದಳು. ಎತ್ತಿದವಳಿಗೆ ತನ್ನ ಬಾಟಲಿಯ ಮಾತು ನೆನಪಾದಂತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು.

ಕಾಜಲ ಚಿತೆಯ ಬಳಿ ಬಂದಿದ್ದಳು. ಅಪ್ಪನ ಎದೆಯ ಮೇಲೆ ಬೆರಳು ಇಟ್ಟು, ಆ ಗಟ್ಟಿ ಅಂಚನ್ನು ಸುತ್ತ ಸವರಿದಳು.

"ಭಾಲ್ಕಿ ಗೇಟಿನಾಗ ಕಿರಚಿದ್ದು ಇದೇ ಏನವ್ವಾ?"

"ಹೌದು."

"ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ನಕ್ಕಿ."

ಸುಮನ ಮಾಣಿಕನ ಕಡೆ ತಿರುಗಿ, "ದವಾಖಾನಿಗಿ ಒಯ್ಯೋಣ, ತೆಗದು ಕೊಡ್ತಾರಂತ" ಎಂದಳು. ಹಿರಿಯನೊಬ್ಬ, ಸ್ಮಶಾನಕ್ಕೆ ಬಂದ ಹೆಣ ಊರ ಕಡೆಗೆ ತಿರುಗಬಾರದು ಎಂದು ತಡೆಯಲು ನೋಡಿದ. ಗೋರಖನಾಥರು ಮೊದಲ ಬಾರಿ ಗಟ್ಟಿಯಾಗಿ ಮಾತಾಡಿದರು: "ಅದೆಲ್ಲಾ ನಮ್ಮಾಗಿಲ್ಲ. ಎತ್ರಿ."

*

ಮಾಣಿಕನ ಟೆಂಪೋದಲ್ಲಿ ಹೆಣವನ್ನು ಔರಾದಿಗೆ ಒಯ್ದರು. ಹಿಂದೆ ಸುಮನ ಮತ್ತು ಕಾಜಲ ಎದುರುಬದುರು ಕೂತಿದ್ದರು, ನಡುವೆ ಕೈಲಾಶ. ರಸ್ತೆಯ ತಗ್ಗಿನಲ್ಲಿ ಗಾಡಿ ಕುಲುಕಿದಾಗ ಇಬ್ಬರೂ ಒಟ್ಟಿಗೇ ಅವನ ತಲೆ ಹಿಡಿದರು. ಸುಮನಳ ಕೈ ತಾಗಿದೊಡನೆ ಕಾಜಲ ತನ್ನ ಕೈ ತೆಗೆದಳು.

ಇಸ್ಮಾಯಿಲ ದವಾಖಾನೆಯ ಬಾಗಿಲಲ್ಲೇ ಇದ್ದ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು, ಆಟೋ ಹಿಡಿದು ಆಗಷ್ಟೇ ಮುಟ್ಟಿದ್ದ. ಊರಿಗೆ ಹೊರಡುವಷ್ಟರಲ್ಲಿ ಸುಮನ ಫೋನು ಮಾಡಿ ಇಲ್ಲೇ ನಿಲ್ಲಲು ಹೇಳಿದ್ದಳು. ಬೆಳಿಗ್ಗೆ ಫೋನಿನಲ್ಲಿ ಅವಳು ಗೊತ್ತದ ಎಂದದ್ದನ್ನು ಅವನು ಎತ್ತಲಿಲ್ಲ. ಗೆಳೆಯನ ಹಣೆ ಮುಟ್ಟಿ, ಸ್ಟ್ರೆಚರಿಗೆ ಕೈ ಕೊಟ್ಟ.

ಒಳಗೆ ಡಾಕ್ಟರರು ಕೆಲಸ ಮಾಡುವಾಗ ಮಾಣಿಕ ಅವನನ್ನು ಕೇಳಿದ: "ನನ್ನ ಬಗ್ಗಿ ಏನರೆ ಅಂತಿದ್ನೇನ್ರಿ ಅವ?"

"ತಮ್ಮನ ಬೆಸಗಿ ಚಲೋ ಇರ್ತದ ಅಂತಿದ್ದ. ನೀವು ಕೆಲಸ ಮಾಡೋ ದಿನ ಹೋಗಿ ದೂರದಾಗ ಬೇವಿನ ಗಿಡದ ಕೆಳಗ ನಿಂತು ನೋಡತಿದ್ನಂತ. ಫೋನಿನಾಗ ಹೇಳತಿದ್ದ."

ಮಾಣಿಕ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಹಳ ಹೊತ್ತು ಹಿಡಿಯಲಿಲ್ಲ. ಟ್ರೇಯಲ್ಲಿ ಇಟ್ಟು ತಂದು ತೋರಿಸಿದಳು: ಅಂಗೈಯಲ್ಲಿ ಅಡಗುವಂಥ, ನುಣ್ಣನೆಯ ಲೋಹದ ಬಿಲ್ಲೆ. "ಚಲೋ ಮಾಡಿದ್ರಿ ತಂದು. ಎಷ್ಟೋ ಮಂದಿ ಹೇಳೋದೇ ಇಲ್ಲ" ಎಂದಳು.

"ಇದು ಬಂದ್ ಆಗ್ಯದೇನ್ರಿ ಮೇಡಂ?" ಎಂದಳು ಕಾಜಲ.

"ಇಲ್ಲ, ನಡಿಲಾಕತ್ತದ. ಬ್ಯಾಟರಿ ಇನ್ನೂ ಭಾಳ ವರ್ಷ ಬರ್ತದ."

ಆಗ ಕಾಜಲ ಅತ್ತಳು. ಟ್ರೇಯ ಅಂಚು ಹಿಡಿದು ಬಗ್ಗಿ, ಹೊಟ್ಟೆಯೊಳಗಿನಿಂದ ಅತ್ತಳು. ಸುಮನ ಅವಳ ಬೆನ್ನ ಮೇಲೆ ಕೈ ಇಡಲು ಹೋದಳು. ಕೈ ಅರ್ಧಕ್ಕೇ ನಿಂತಿತು. ಆ ಬೆನ್ನನ್ನು ಸವರಿದ್ದು ಇಸ್ಮಾಯಿಲ.

*

ಅವರು ತಿರುಗಿ ಸ್ಮಶಾನಕ್ಕೆ ಬಂದಾಗ ಹೊತ್ತು ಇಳಿದಿತ್ತು. ಅರ್ಧ ಜನ ಮನೆಗೆ ಹೋಗಿದ್ದರು. ಉಳಿದವರು ದೂರದಲ್ಲಿ ಬದುವಿನ ಮೇಲೆ ಗುಂಪಾಗಿದ್ದರು. ಮಶೀನ ತೆಗೆಸಿಯಾಯಿತೆಂದು ಮಾಣಿಕ ಕೂಗಿ ಹೇಳಿದರೂ ಯಾರೂ ಹತ್ತಿರ ಬರಲಿಲ್ಲ.

ಮಾಣಿಕ ಅಣ್ಣನ ಕಾಲಿನ ಮೇಲೆ ಹಣೆ ಇಟ್ಟು ಬಹಳ ಹೊತ್ತು ಏಳಲಿಲ್ಲ. ಕಡೆಗೆ ಇಸ್ಮಾಯಿಲ ಹೆಗಲು ಹಿಡಿದು ಎಬ್ಬಿಸಿದ. ಬೆಂಕಿ ತಾಗಿತು. ಒಣಗಿದ ಜಾಲಿಯ ಕಟ್ಟಿಗೆ, ಬೇಗ ಹಿಡಿಯಿತು. ಒಂದು ತುಂಡು ಚಟ್ಟೆಂದು ಸಿಡಿದಾಗ ಬದುವಿನ ಮೇಲಿನ ಜನ ಅಷ್ಟು ದೂರದಿಂದಲೂ ಬೆಚ್ಚಿ ತಲೆ ತಗ್ಗಿಸಿದರು.

ಸುಮನ ಕದಲಲಿಲ್ಲ. ಕಾವು ಮುಖಕ್ಕೆ ರಾಚುತ್ತಿತ್ತು. ಉರಿಯ ಆಚೆ ಬದಿಯಲ್ಲಿ ಕಾಜಲ ಒಬ್ಬಳೇ ನಿಂತಿದ್ದಳು. ಬಿಸಿಗಾಳಿಯಲ್ಲಿ ಅವಳ ಮುಖ ನೀರಿನೊಳಗಿನಂತೆ ಅಲುಗುತ್ತಿತ್ತು. ಸುಮನ ಬಲಕ್ಕೆ ಸರಿದು ಅವಳ ಕಡೆ ನಡೆದಳು. ಅಷ್ಟೇ ದೂರ ಕಾಜಲಳೂ ಸರಿದಳು. ಸುಮನ ನಿಂತಳು, ಆಚೆ ಕಾಜಲಳೂ ನಿಂತಳು. ಮತ್ತೆ ಸುಮನ ಎಡಕ್ಕೆ ಹೆಜ್ಜೆ ಇಟ್ಟಳು. ಮಗಳು ಕಣ್ಣು ಎತ್ತದೆಯೇ ಆಚೆ ಬದಿಗೆ ಜರುಗಿ, ನಡುವೆ ಉರಿಯನ್ನು ಬಿಟ್ಟುಕೊಂಡು ನಿಂತಳು.